ಅರಗಿನ ಪಾಠ

ಕಳೆದ ವಾರ ಪೋರೂರಿನ ನಮ್ಮ ಫ್ಲ್ಯಾಟಿನಲ್ಲಿ ದೇವರ ಕೋಣೆಯ ಬಾಗಿಲಿಗೆ ಪಾಲಿಶ್ ಮಾಡಿಸಿದೆವು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯುಂಡೆಯನ್ನು ಅದರಲ್ಲಿ ಅದ್ದಿ ತಿಕ್ಕುವ ಹಳೆಯ ಪಾಲಿಶ್. ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಒಲೆ ಆರಿಸಿ ಬಾಲ್ಕನಿಗೆ ಹೋಗಿ ನಿಂತೆ. ಆ ವಾಸನೆ ನನಗಾಗದು. ಇಷ್ಟು ವರ್ಷಗಳಾದ ಮೇಲೂ...

ಕೋಡಂಬಾಕ್ಕಂನಲ್ಲಿ ನಾವಿದ್ದ ಮನೆಯ ಮೇಲ್ಮಹಡಿಯಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಇದ್ದರು. ನಮ್ಮ ಹಾಗೆಯೇ ಕನ್ನಡದವರು. ತಾಂಬರಂ ಕಡೆಯ ಕಾಲೇಜಿಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೋಗಿಬಂದು, ಸಂಜೆ ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಟ್ಯೂಷನ್ ಹೇಳುತ್ತಿದ್ದರು. ಗಂಟಲು ದೊಡ್ಡದು, ಪಾಠ ಬೀದಿಗೆಲ್ಲ ಕೇಳುತ್ತಿತ್ತು. ಅರಗಿನ ಪಾಠವಂತೂ ಕಾಲೇಜು ಓದುತ್ತಿದ್ದ ನನಗೂ ಬಾಯಿಪಾಠವಾಗಿತ್ತು.

“ಅರಗು ಎಲ್ಲಿಂದ ಬರುತ್ತೆ?”

“ಮರತ್ತು ಪಿಸಿನ್ ಸಾರ್.”

“ಮಣ್ಣಾಂಗಟ್ಟಿ. ಮರದ ಅಂಟಲ್ಲವೋ, ಮರದ ರಸ ಕುಡಿದ ಹುಳ ಬಿಟ್ಟದ್ದು. ನಿನ್ನ ತಲೆಗಿಂತ ಆ ಹುಳಾನೇ ವಾಸಿ.”

ಆಮೇಲೆ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಲ್ಯೂರಿಟಿಕ್ ಆಮ್ಲ, ಜಲಾರಿಕ್ ಆಮ್ಲ, ಅವು ಒಂದಕ್ಕೊಂದು ಹೆಣೆದುಕೊಂಡ ಎಸ್ಟರುಗಳು, ಸ್ವಲ್ಪ ಮೇಣ, ಸ್ವಲ್ಪ ಬಣ್ಣ. ನೀರಿನಲ್ಲಿ ಕರಗದು, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಉಪಯೋಗಗಳು: ಮರದ ಪಾಲಿಶ್, ಬಳೆ, ಅಂಚೆಯ ಮೊಹರು, ಮಾತ್ರೆಯ ಹೊದಿಕೆ, ಗ್ರಾಮಫೋನ್ ಪ್ಲೇಟು. ಪ್ಲೇಟಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸುತ್ತಾರೆ ಎಂದೂ ಅವರೇ ಹೇಳಿಕೊಡುತ್ತಿದ್ದರು. ಮೆಟ್ಟಿಲ ಪಕ್ಕದ ಕಿಟಕಿಯಿಂದ ನಾನು ಇದನ್ನು ಕೇಳಿದ್ದೇನೆ... ಎಷ್ಟೋ ಸಲ.

ನಮ್ಮ ಮನೆಯಲ್ಲಿ ಅಂಥದೊಂದು ಪ್ಲೇಟು ಇತ್ತು. ಅಮ್ಮನ ತಾಯಿ ಹಾಡಿದ ಒಂದೇ ಒಂದು ದೇವರನಾಮ. ಅಮ್ಮ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ತೀರಿಕೊಂಡಿದ್ದಳು. ತಾಯಿಯ ದನಿ ಎಂದರೆ ಅಮ್ಮನಿಗೆ ಆ ಪ್ಲೇಟು ಮಾತ್ರ. ಬೇರೆ ಪ್ರತಿ ಎಲ್ಲಿಯೂ ಸಿಕ್ಕಿರಲಿಲ್ಲ. ಸೂಜಿ ಓಡಿದಷ್ಟೂ ಸವೆಯುತ್ತದೆಂದು ವರ್ಷಕ್ಕೊಮ್ಮೆ, ಅಜ್ಜಿಯ ತಿಥಿಯ ದಿನ, ಊಟವಾದ ಮೇಲೆ ಹಾಕುತ್ತಿದ್ದಳು. ಒಂದೇ ಸಲ.

ಕ್ಯಾಸೆಟ್ಟಿಗೆ ಇಳಿಸಿಕೊಳ್ಳೋಣವೆಂದು ಒಂದು ವರ್ಷ ಹೊರತೆಗೆದಾಗ ಅದರ ಮೇಲೆ ಬಿಳಿ ಬೂಷ್ಟು ಕಂಡಿತು. ಕಾಫಿಗೆ ಬಂದಿದ್ದ ಮೇಷ್ಟ್ರು ಅದನ್ನು ನೋಡಿ, ಮಹಡಿಯಿಂದ ಸ್ಪಿರಿಟ್ಟಿನ ಬಾಟಲಿ ತಂದರು. ಆಗ ನಡೆದ ಮಾತನ್ನು ಅಮ್ಮ ಆಮೇಲೆ ಹೇಳಿದಳು.

“ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಲದಾ ಸಾರ್?”

“ಇದೇನು ನಿಮ್ಮ ಸಾಂಬಾರ್ ಪಾತ್ರೆನಾಮ್ಮಾ? ಕೆಮಿಸ್ಟ್ರಿ ನನಗೆ ಬಿಡಿ. ನೀವು ಕಾಫಿಗೆ ಇನ್ನೊಂಚೂರು ಡಿಕಾಕ್ಷನ್ ಹಾಕಿ.”

ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ ಅವರು ಹತ್ತಿಯುಂಡೆಯನ್ನು ಒತ್ತಿ ಒತ್ತಿ ತಿರುಗಿಸುತ್ತಿದ್ದರು. ಹತ್ತಿ ಕಪ್ಪಾಗಿತ್ತು. ಅದನ್ನು ಎತ್ತಿ ಹಿಡಿದು ನನಗೂ ತೋರಿಸಿದರು.

“ನೋಡಮ್ಮಾ, ಎಷ್ಟು ವರ್ಷದ ಅಳುಕ್ಕು.”

ಅಳುಕ್ಕು ಎಂದರೆ ಕೊಳೆ. ಅದು ಕೊಳೆಯಾಗಿರಲಿಲ್ಲ, ಪ್ಲೇಟಿನದೇ ಅರಗು. ಪ್ಲೇಟಿನ ಮೇಲೆ ಗೆರೆಗಳೇ ಉಳಿದಿರಲಿಲ್ಲ. ಬೆಲ್ಲದ ಪಾಕ ಸುರಿದ ಹಾಗೆ ನುಣ್ಣಗೆ, ಅಂಟಂಟಾಗಿ ಹೊಳೆಯುತ್ತಿತ್ತು.

ಒಣಗಿದ ಮೇಲೆ ಹಾಕಿ ನೋಡಿದೆವು. ಸೂಜಿ ಸರ್ರೆಂದು ಜಾರಿತು. ಎಲ್ಲೋ ಒಂದು ಕಡೆ, ಒಂದಕ್ಷರದಷ್ಟು... ಬಂತೋ ಇಲ್ಲವೋ ಹೇಳಲಾರೆ.

“ಸೂಜಿ ಸರಿ ಇಲ್ಲಮ್ಮಾ,” ಎಂದರು ಮೇಷ್ಟ್ರು. ಕಾಫಿ ಮುಗಿಸಿದರು. ಬಾಟಲಿಯನ್ನು ಮರೆಯದೆ ತೆಗೆದುಕೊಂಡು ಮೇಲೆ ಹೋದರು.

ಆ ಗಳಿಗೆಯಲ್ಲಿ ಅವರಿಗೆ ಹೊಳೆಯದೇ ಹೋದದ್ದಕ್ಕೆ ನಾನು ಅವರನ್ನು ಹೀನವಾಗಿ ಕಾಣುವುದಿಲ್ಲ. ಯಾರಿಗಾದರೂ ಹಾಗಾಗಬಹುದು. ಆದರೆ ಕೆಲವು ದಿನಗಳ ಮೇಲೆ ಮೆಟ್ಟಿಲ ಮೇಲೆ ಅದೇ ಪಾಠ ಬಂತು. ಪಾಲಿಶ್, ಬಳೆ, ಮೊಹರು, ಮಾತ್ರೆಯ ಹೊದಿಕೆ. ಅಲ್ಲಿಗೆ ನಿಲ್ಲಿಸಿದರು.

“ಗ್ರಾಮಫೋನ್ ಪ್ಲೇಟು, ಸಾರ್?” ಎಂದಳು ಒಂದು ಹುಡುಗಿ.

“ಅದೆಲ್ಲ ಸಿಲಬಸ್‌ನಲ್ಲಿಲ್ಲ. ಮುಂದೆ ಬರಿ.”

ಕಿಟಕಿಯ ಈಚೆ ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು. ಮೇಷ್ಟ್ರಿಗೆ ಗೊತ್ತಾಗಿದೆ ಎಂದು ನಮಗೆ ತಿಳಿದದ್ದು ಆಗ. ಕೆಳಗಿಳಿದು ಬಂದು ಒಂದು ಮಾತು ಹೇಳುವ ಬದಲು, ಅರಗಿನ ಉಪಯೋಗಗಳಲ್ಲಿ ಒಂದನ್ನೇ ಅಳಿಸಿಹಾಕಿದ ವಿದ್ವಾಂಸರು ಅವರು. ಮರುದಿನವೂ ಕಾಫಿಗೆ ಬಂದರು. ಅಮ್ಮ ಕೊಟ್ಟಳು. ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡಾಗ, ಅಂಥ ಮೇಷ್ಟ್ರು ಇನ್ನು ಹುಟ್ಟುವುದಿಲ್ಲ ಎಂದು ಯಾರೋ ಹೇಳಿದರು. ಹುಟ್ಟದಿರಲಿ ಎಂದುಕೊಂಡೆ.

ಪಾಲಿಶ್ ಮಾಡುವವರು ಹೋದ ಮೇಲೆ ಅಮ್ಮನ ಬೀರುವಿನಿಂದ ಒಂದು ಪುಟ್ಟ ಡಬ್ಬಿ ತೆಗೆದೆ. ಆ ದಿನ ಕಸದಿಂದ ಅಮ್ಮ ಎತ್ತಿಟ್ಟುಕೊಂಡ ಹತ್ತಿಯುಂಡೆ ಅದರಲ್ಲಿದೆ. ಅರಗು ಒಣಗಿ ಕಲ್ಲಿನಷ್ಟು ಗಟ್ಟಿಯಾಗಿದೆ. ಅಮ್ಮನೂ ಈಗಿಲ್ಲ. ಅಜ್ಜಿಯ ತಿಥಿಯ ದಿನ, ಊಟವಾದ ಮೇಲೆ, ಇದನ್ನು ಅಂಗೈಯಲ್ಲಿ ಇಟ್ಟುಕೊಂಡು ಹಾಡು ಮುಗಿಯುವಷ್ಟು ಹೊತ್ತು ಕೂರುತ್ತಿದ್ದಳು. ಆಮೇಲೆ ಮುಚ್ಚಿಡುತ್ತಿದ್ದಳು.