ವಾಸನೆ ಇಲ್ಲದ್ದೇ ಕಾಫಿ

ಕಾಫಿ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಮೂಗು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಳೆದ ತಿಂಗಳು ಪತ್ರಿಕೆಯ ಇದೇ ಜಾಗದಲ್ಲಿ, ಈಗಿನ ಇನ್‌ಸ್ಟಂಟ್ ಕಾಫಿಯೆಲ್ಲ ಬರೀ ಬಣ್ಣದ ಬಿಸಿನೀರು ಎಂದು ನಿಮಗೆ ಬರೆದವಳು ನಾನೇ. ‘ಸರಿಯಾಗಿ ಹೇಳಿದ್ರಿ ಅಜ್ಜಿ’ ಎಂದು ಕೆಲವರು ಫೋನ್ ಕೂಡ ಮಾಡಿದಿರಿ. ನೀವೆಲ್ಲ ಏನು ಕುಡಿದು ಹಾಗೆ ಹೇಳಿದಿರೋ ನನಗೆ ಗೊತ್ತಿಲ್ಲ. ನನ್ನ ಮಾತನ್ನಂತೂ ನಾನು ವಾಪಸ್ ತೆಗೆದುಕೊಂಡಿದ್ದೇನೆ.

ಆಟಿ ತಿಂಗಳ, ಅಂದರೆ ಆಷಾಢದ, ಮಳೆಗೆ ನನಗೊಂದು ಶೀತ ಹಿಡಿದಿತ್ತು. ಹತ್ತು ದಿನ ಇತ್ತು, ಹೋಯಿತು. ಅದು ಹೋದ ಮೇಲೆ ಕಾಫಿ ಸಪ್ಪೆಯಾಯಿತು. ನಾನೇನು ಮಾಡಿದೆ? ಪುಡಿ ಬದಲಿಸಿದೆ. ನರಿಮೊಗರಿನ ಅಂಗಡಿಯಲ್ಲಿ ಮಾಲೆಯ ಹಾಗೆ ತೂಗುಹಾಕಿದ ಸಣ್ಣ ಪ್ಯಾಕೆಟ್ ತಂದೆ, ಸಪ್ಪೆ. ಪುತ್ತೂರಿನಿಂದ ಗಾಜಿನ ಬಾಟಲಿಯದ್ದು ತರಿಸಿದೆ, ಅದೂ ಸಪ್ಪೆ. ಚಿಕೋರಿ ಇದ್ದದ್ದು, ಇಲ್ಲದ್ದು, ಎರಡೂ ಆಯಿತು. ಒಂದು ಚಮಚ ಹಾಕುವಲ್ಲಿ ಎರಡು ಹಾಕಿದೆ. ಎದೆ ಡಬಡಬ ಎಂದಿತು, ರುಚಿ ಮಾತ್ರ ಬರಲಿಲ್ಲ.

ಬೆಳ್ಳಾರೆಗೆ ಹೋದಾಗ ಕೊಂಡ ಪ್ಯಾಕೆಟನ್ನು ಮುಂದಿನ ವಾರ ಅದೇ ಅಂಗಡಿಗೆ ಹಿಂದೆ ಕೊಟ್ಟೆ.

‘ಎಂತ ಅಮ್ಮಾ, ಅರ್ಧ ಕುಡ್ದು ಆಮೇಲೆ ಸರಿ ಇಲ್ಲ ಹೇಳುದಾ?’ ಎಂದ ಅಂಗಡಿಯವನು.

‘ಇನ್ನರ್ಧ ಕುಡಿಲಿಕ್ಕೆ ಆಗದ್ದಕ್ಕೇ ತಂದದ್ದು ಮಾರಾಯ’ ಎಂದೆ.

ಪಾಪ, ಬದಲಿಸಿ ಕೊಟ್ಟ. (ಅವನ ಹತ್ತಿರ ‘ತಪ್ಪಾಯಿತು’ ಎಂದು ಹೇಳುವುದು ಇನ್ನೂ ಬಾಕಿ ಇದೆ.)

ಊರು ಬಿಟ್ಟು ಹೋದರೆ ಇನ್ನೂ ಕಷ್ಟ. ನಮ್ಮಲ್ಲಿ ಯಾರ ಮನೆಗೆ ಹೋದರೂ ಮೊದಲು ಬೆಲ್ಲ ನೀರು. ಅದಾದ ಮೇಲೆ ‘ಎಂತ ಆಗಬಹುದು, ಕಾಫಿಯಾ, ಚಾಯಾ, ಕಷಾಯವಾ?’ ಎಂಬ ಪ್ರಶ್ನೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಾದರೆ ಬೈದು ಎದ್ದು ಬರಬಹುದು. ನೆಂಟರ ಮನೆಯಲ್ಲಿ? ಅದಕ್ಕೇ ನಾನು ಎಲ್ಲಿಗೆ ಹೋದರೂ ನನ್ನ ಪುಡಿಯ ಡಬ್ಬ ನನ್ನ ಚೀಲದಲ್ಲಿ. ‘ಕಾಫಿ ಆಗಬಹುದು, ಪುಡಿ ನನ್ನದು’ ಎಂದು ಮುಖಕ್ಕೇ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಈಗ ಡಬ್ಬದ ವಿಷಯ. ನನ್ನ ಅಡುಗೆಮನೆಯ ಡಬ್ಬಗಳ ಮೇಲೆ ಹೆಸರಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಿಮಗೆ ಇಷ್ಟು ಬರೆಯುವುದೇ ಹೆಚ್ಚು, ಡಬ್ಬಕ್ಕೆ ಚೀಟಿ ಬರೆದು ಅಂಟಿಸುವ ಅಭ್ಯಾಸ ಎಲ್ಲಿಂದ ಬರಬೇಕು? ಮುಚ್ಚಳ ತೆಗೆಯುವುದು, ಮೂಸುವುದು, ಮುಗಿಯಿತು. ಸಾರಿನ ಪುಡಿ, ಕಾಫಿ ಪುಡಿ, ಕೊತ್ತಂಬರಿ ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ, ಎಲ್ಲವೂ ಒಂದೇ ತರದ ಸ್ಟೀಲ್ ಡಬ್ಬಗಳಲ್ಲಿ. ‘ಹೆಸರು ಬರೆದು ಕೊಡ್ತೇನೆ ಅತ್ತೆ’ ಎಂದು ಸೊಸೆ ಸುಮ ಎಷ್ಟೋ ಸಲ ಹೇಳಿದ್ದಳು. ಅವಳು ಶಾಲೆಯಲ್ಲಿ ಟೀಚರ್, ಕಂಡದ್ದಕ್ಕೆಲ್ಲ ಹೆಸರು ಬರೆಯುವ ಚಟ. ‘ನಿನ್ನ ಶಾಲೆ ಶಾಲೆಯಲ್ಲಿರಲಿ’ ಎಂದಿದ್ದೆ.

ಕಳೆದ ಆದಿತ್ಯವಾರ ಕೋಡಿಂಬಾಳಕ್ಕೆ ಹೊರಟೆ. ಅಲ್ಲಿ ನನ್ನ ತಂಗಿ ಶಾರದ ಇದ್ದಾಳೆ. ಅವಳ ಕಣ್ಣಿನ ಪೊರೆಗೆ ಆಪರೇಶನ್ ಆಗಿತ್ತು, ನೋಡಿ ಬರಬೇಕಿತ್ತು. ಕಡಬದ ಬಸ್ಸಿಗೆ ಹೊತ್ತಾಗಿತ್ತು. ಕನ್ನಡಕ ಹುಡುಕುವಷ್ಟು ಪುರುಸೊತ್ತಿಲ್ಲ. ಒಂದು ಡಬ್ಬ ತೆಗೆದು ಮೂಸಿದೆ. ಏನೂ ಬರಲಿಲ್ಲ. ಎರಡು ತಿಂಗಳಿಂದ ಕಾಫಿಗೆ ವಾಸನೆ ಇಲ್ಲ. ಇದಕ್ಕೂ ವಾಸನೆ ಇಲ್ಲ. ಹಾಗಾದರೆ ಇದೇ ಕಾಫಿ. ಚೀಲಕ್ಕೆ ಹಾಕಿದೆ.

(ನಗಬೇಡಿ. ಆ ಹೊತ್ತಿಗೆ ಅದು ಬಹಳ ಬುದ್ಧಿವಂತಿಕೆಯ ಲೆಕ್ಕವಾಗಿ ಕಂಡಿತ್ತು.)

ಶಾರದ ಕಪ್ಪು ಕನ್ನಡಕ ಹಾಕಿಕೊಂಡು ಚಾವಡಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಗಂಡ, ನನ್ನ ಭಾವ. ಬೆಲ್ಲ ನೀರು ಕುಡಿದು ನಾನೇ ಒಲೆಯ ಹತ್ತಿರ ಹೋದೆ.

‘ಅಕ್ಕಾ, ಕಾಫಿ ಪುಡಿ ಅಲ್ಲೇ ಮೇಲೆ ಉಂಟು’ ಎಂದು ಕೂಗಿದಳು ಶಾರದ.

‘ನಿನ್ನದು ನಿನಗೇ ಇರಲಿ. ಇವತ್ತು ನನ್ನದು ಕುಡಿ.’

‘ಹೌದಪ್ಪ, ನೀನು ಬಂದ್ರೆ ನಾವೇ ಇಲ್ಲಿ ನೆಂಟರು.’

ಬಿಸಿ ಹಾಲಿಗೆ ಪುಡಿ ಹಾಕಿ ತಿರುಗಿಸಿದೆ. ಕರಗಲಿಲ್ಲ, ಮೇಲೆ ತೇಲಿತು. ಇನ್‌ಸ್ಟಂಟ್ ಎಂದ ಮೇಲೆ ಕರಗಬೇಡವೇ? ಇದರಲ್ಲೂ ಏನೋ ಕಲಬೆರಕೆ ಎಂದು ಕಂಪೆನಿಯವರಿಗೆ ಬೈದು, ಎತ್ತಿ ಹೊಯ್ದು, ಮೂರು ಲೋಟ ತುಂಬಿಸಿದೆ. ಭಾವನಿಗೊಂದು ಕೊಟ್ಟೆ. ಅವರು ಒಂದು ಗುಟುಕು ಕುಡಿದು ಅಂಗಳ ನೋಡಿದರು. ಇನ್ನೊಂದು ಗುಟುಕು ಕುಡಿದು ಮತ್ತೆ ಅಂಗಳ ನೋಡಿದರು. ನಾನು ನಿಂತಲ್ಲೇ ನನ್ನ ಅರ್ಧ ಲೋಟ ಮುಗಿಸಿದ್ದೆ. ಶಾರದಳ ಲೋಟ ಇನ್ನೂ ಅವಳ ಕೈಗೆ ತಲುಪಿರಲಿಲ್ಲ.

‘ಓ, ಕಷಾಯ ಮಾಡಿದ್ಯಾ? ಒಳ್ಳೇದಾಯ್ತು. ಜೀರಿಗೆ ಪರಿಮಳ ಇಲ್ಲಿವರೆಗೆ ಬಂತು’ ಎಂದಳು.

‘ಕಷಾಯ ಎಂತದ್ದು? ಕಾಫಿ ಅದು.’

‘ಆಪರೇಶನ್ ಆದದ್ದು ನನ್ನ ಕಣ್ಣಿಗೆ ಅಕ್ಕಾ, ಮೂಗಿಗೆ ಅಲ್ಲ.’

‘ಭಾವ, ನೀವು ಹೇಳಿ, ಇದೆಂತ?’

‘ನಾನೆಂತ ಹೇಳುದು ಅತ್ತಿಗೆ? ನೀವು ಕಾಫಿ ಹೇಳಿದ್ರೆ ಕಾಫಿ’ ಎಂದರು ಭಾವ. ಹೆದರಿ ಕುಡಿಯುತ್ತಿದ್ದರು ಮನುಷ್ಯ!

ನಾನು ಇನ್ನೊಂದು ಗುಟುಕು ಕುಡಿದೆ. ಬಿಸಿ ಇತ್ತು, ಸಿಹಿ ಇತ್ತು. ಅಷ್ಟೇ.

ಶಾರದಳ ಸ್ವರ ಬದಲಾಯಿತು. ‘ನಿಜವಾಗಿ ಗೊತ್ತಾಗ್ಲಿಲ್ವಾ ಅಕ್ಕಾ?’

ಅವಳ ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಕ್ಕೆ ಮೂಗು ತುರುಕಿದೆ. ತೊಳೆದಿಟ್ಟ ಖಾಲಿ ಡಬ್ಬ ಮೂಸಿದ ಹಾಗಿತ್ತು. ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು. ಹೆಕ್ಕಲಿಕ್ಕೆ ಬಗ್ಗಿದವಳಿಗೆ ಏಳಲು ಮನಸ್ಸಾಗಲಿಲ್ಲ.

ಕಾಫಿ ಹೋದರೆ ಹೋಗಲಿ. ನನಗೆ ಗುರುವಾರ ನೆನಪಾಯಿತು.

ಗುರುವಾರ ಬೆಳಿಗ್ಗೆ ಸುಮ ಶಾಲೆಗೆ ಹೊರಟವಳು ಬಾಗಿಲಿನಿಂದ ಓಡಿ ಬಂದು ಗ್ಯಾಸ್ ಆಫ್ ಮಾಡಿದ್ದಳು. ಹಾಲು ಉಕ್ಕಿ ಬೆಂಕಿ ಆರಿತ್ತು. ‘ಎಷ್ಟು ಗ್ಯಾಸ್ ವಾಸನೆ ಅತ್ತೆ, ಗೊತ್ತಾಗ್ಲಿಲ್ವಾ?’ ಎಂದು ಕಿಟಕಿ ತೆರೆದಳು. ‘ನಿನ್ನ ಮೂಗು ಸ್ವಲ್ಪ ಉದ್ದ’ ಎಂದೆ ನಾನು. ಮೂರು ವರ್ಷದ ಮೊಮ್ಮಗಳು ಪುಟ್ಟಿ ಅಲ್ಲೇ ನೆಲದಲ್ಲಿ ಕುಳಿತು ಚಮಚ ಬಡಿಯುತ್ತಿದ್ದಳು. ಸುಮ ಹೊರಟು ಬಿಟ್ಟಿದ್ದರೆ? ಅವಳು ಹೋದ ಮೇಲೆ ಸಂಜೆಯವರೆಗೆ ಆ ಮನೆಯಲ್ಲಿ ಇರುವುದು ನಾನು, ಪುಟ್ಟಿ ಮತ್ತು ಆ ಒಲೆ.

ಚಾವಡಿಗೆ ವಾಪಸ್ ಬಂದಾಗ ‘ಎಷ್ಟು ದಿನ ಆಯ್ತು?’ ಎಂದು ಕೇಳಿದಳು ಶಾರದ.

‘ಆಟಿಯಿಂದ.’

‘ಡಾಕ್ಟ್ರಿಗೆ ತೋರಿಸು. ಸುಮಳಿಗೂ ಹೇಳು.’

‘ಹೇಳಿದ್ರೆ ನನಗೆ ಒಲೆ ಹೋಯ್ತು. ಪುಟ್ಟಿಯನ್ನೂ ನನ್ನ ಹತ್ತಿರ ಬಿಡುದಿಲ್ಲ.’

‘ಹೇಳದಿದ್ರೆ?’

ಭಾವ ಒಳಗೆ ಹೋಗಿ ಅವರ ಪುಡಿಯಲ್ಲೇ ಕಾಫಿ ಮಾಡಿ ತಂದರು. ಒಳ್ಳೆಯ ಇನ್‌ಸ್ಟಂಟ್ ಕಾಫಿ ಸಿಗುವುದೇ ಇಲ್ಲ ಎಂದು ನಿಮಗೆ ಬರೆದಿದ್ದೆನಲ್ಲ? ಸಿಗುತ್ತದಂತೆ. ‘ಫಸ್ಟ್‌ಕ್ಲಾಸ್ ಉಂಟು’ ಎಂದಳು ಶಾರದ. ಅವಳ ಮೂಗನ್ನು ನಂಬಿ ಕುಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತಲೆ ತುಂಬ ಮಲ್ಲಿಗೆ. ಅವಳ ಕಡೆಗೆ ಬಗ್ಗಿ ಬಗ್ಗಿ ಮೂಸಿದೆ. ‘ಎಂತ ಅಮ್ಮಾ, ನಿದ್ರೆ ಬರ್ತದಾ?’ ಎಂದಳು. ಹೌದೆಂದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ: ಯಾರಿಗೂ ಹೇಳದೆ ಡಾಕ್ಟರಿಗೆ ತೋರಿಸಿದರೆ? ಎರಡು ವಾರದಲ್ಲಿ ಸರಿಯಾದರೆ? ಆದರೆ ಆ ಎರಡು ವಾರ ಒಲೆ ಕಾಯುವವರು ಯಾರು?

ಅಂದು ಸಂಜೆ ಸುಮಳಿಗೆ ಹೇಳಲಿಲ್ಲ. ಬಾಯಿ ತೆರೆದದ್ದು ಎರಡು ಸಲ. ಒಮ್ಮೆ ಉಪ್ಪು ಕೇಳಿದೆ, ಇನ್ನೊಮ್ಮೆ ನೀರು.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಸುಮ ಎದ್ದು ಬರುವವರೆಗೆ ಕಾದು, ಎರಡು ಡಬ್ಬಗಳ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟು, ‘ಇದರಲ್ಲಿ ಕಾಫಿ ಯಾವುದು ಹೇಳು, ನನಗೆ ಗೊತ್ತಾಗುದಿಲ್ಲ’ ಎಂದೆ.