ಹಾರುವ ಕಾರಿನಲ್ಲಿ ಸೋದರಮಾವ

ಹಾರುವ ಕಾರಿನ ಹುಚ್ಚು ನನಗೆ ಚಿಕ್ಕಂದಿನದು. ನನಗೆ ನಲವತ್ತಾಗುವಷ್ಟರಲ್ಲಿ ಅರಸೀಕೆರೆಯ ಆಕಾಶದ ತುಂಬ ಕಾರುಗಳು ಓಡಾಡುತ್ತವೆ ಅಂದುಕೊಂಡಿದ್ದೆ. ಈಗ ಐವತ್ತೂ ದಾಟಿತು. ಮೇಲೆ ನೋಡಿದರೆ ತೆಂಗಿನ ಗರಿ, ಕೆಳಗೆ ನೋಡಿದರೆ ಗುಂಡಿ. ಮೊಬೈಲಿನಲ್ಲಿ ಯಾವುದೋ ದೇಶದ ಹಾರುವ ಕಾರು ತೋರಿಸಿದಾಗಲೆಲ್ಲ ಅವ್ವನದು ಒಂದೇ ಮಾತು: "ನಮ್ದೂ ಹಾರ್ತೈತಲ್ಲ ಮಗ, ಒಂದೊಂದ್ ರೋಡ್ ಹಂಪ್‌ಗೂ." ನೆಗೆದರೂ ಹಾರುವುದೇ, ರೆಕ್ಕೆ ಬಿಚ್ಚಿದರೂ ಹಾರುವುದೇ ಅನ್ನುವ ಭಾಷೆ ನಮ್ಮದು. ಅವ್ವನ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಹೋದ ವರ್ಷ ಬೇಲೂರಿನ ಛತ್ರದಲ್ಲಿ ಅಕ್ಕನ ಮಗಳ ಮದುವೆ. ನಮ್ಮಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಆ ಮಗು ಹುಟ್ಟಿದ್ದು, ನಡೆಯಲು ಕಲಿತದ್ದು ನಮ್ಮ ಮನೆಯಲ್ಲೇ. ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಪೈಕಿ ನಾನಲ್ಲ. ಹಸು ಕರು ಹಾಕುವಂತಿದ್ದುದರಿಂದ ಮನೆಯವರನ್ನೆಲ್ಲ ಹಿಂದಿನ ದಿನವೇ ಕಳಿಸಿ, ನಾನೂ ಅವ್ವನೂ ಉಳಿದು, ಅದು ಕರು ಹಾಕಿದ ಮೇಲೆ ಬೆಳಗ್ಗೆ ಹೊರಟೆವು.

ಹಳೇಬೀಡು ಇನ್ನೇನು ಬಂತು ಅನ್ನುವಾಗ ಬಣ್ಣ ಬಳಿಯದ ಹಂಪೊಂದು ಎದುರಾಯಿತು. ಕಾರು ಹಾರಿತು. ಇಳಿದದ್ದು ಗುಂಡಿಗೆ. ಟೈರು ಸಿಡಿಯಿತು.

"ನಾನ್ ಹೇಳಿರ್ನಿಲ್ವಾ" ಅಂದಳು ಅವ್ವ, ಸೆರಗು ಸರಿಮಾಡಿಕೊಳ್ಳುತ್ತ. ನನಗೆ ಮೈಯೆಲ್ಲ ಉರಿಯಿತು, ಆಮೇಲೆ ನಗು ಬಂತು.

ಸ್ಟೆಪ್ನಿ ಹಾಕೋಣವೆಂದರೆ ನಟ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನು.

"ಎಲ್ಲಿದ್ದೀಯೋ? ಮುಹೂರ್ತ ಮೀರ್ತೈತೆ. ನಮ್ ಚಿಕ್ಕಪ್ಪನ ಮಗನ್ನ ನಿಲ್ಲಿಸಾಣ ಅಂತಾವ್ರೆ."

"ಬ್ಯಾಡ ಕಣಕ್ಕ, ಹಾರ್ಕಂಡ್ ಬತ್ತೀನಿ" ಅಂದೆ, ರಸ್ತೆಯ ಮಣ್ಣಿನಲ್ಲಿ ಕೂತುಕೊಂಡು. ಫೋನ್ ಇಟ್ಟ ಮೇಲೆ ಅಳುವೇ ಬಂದಂತಾಯಿತು. ಆ ಹುಡುಗಿಯ ಕೈಯನ್ನು ಬೇರೆಯವರು ಹಿಡಿದು ನಡೆಸುವುದನ್ನು ನೆನೆಸಿಕೊಳ್ಳಲೂ ನನ್ನಿಂದಾಗಲಿಲ್ಲ. ಎದ್ದು ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿದೆ. ಅವ್ವ ನನ್ನ ಭುಜ ಹಿಡಿದುಕೊಂಡಳು. ಕೊನೆಗೂ ನಟ್ಟುಗಳು ಒಂದೊಂದಾಗಿ ಬಿಟ್ಟವು.

ಛತ್ರಕ್ಕೆ ಓಡಿಹೋದಾಗ ಹುಡುಗಿ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಪುರೋಹಿತರು ಕರೆದರೂ, ದೊಡ್ಡವರು ಗದರಿದರೂ ಹೊಸಿಲು ದಾಟಿರಲಿಲ್ಲವಂತೆ. ನನ್ನ ಕೈಯೆಲ್ಲ ಗ್ರೀಸು, ಅವಳ ಕೈಯಲ್ಲಿ ಮದರಂಗಿ.

"ತೊಳ್ಕಂಡ್ ಬತ್ತೀನಿ ಇರವ್ವ" ಅಂದೆ.

"ಬ್ಯಾಡ ಮಾವ, ಇನ್ನೆಲ್ಲೂ ಹೋಗ್ಬೇಡ. ಹಿಂಗೇ ಹಿಡ್ಕೊ" ಎಂದು ಅವಳೇ ಕೈ ಚಾಚಿದಳು.