ಗಡಿಯಾಚೆಯ ಬಿಸ್ಕತ್ತು

ಪರದೇಶದ ಬೇಕರಿಯೊಳಗೆ ಸಸ್ಯಾಹಾರಿ ಕನ್ನಡಿಗರೊಬ್ಬರು ಕಾಲಿಟ್ಟರೆಂದರೆ, ಸ್ನೇಹಿತರೇ, ಅಲ್ಲಿ ನಡೆಯುವುದು ವ್ಯಾಪಾರವಲ್ಲ, ಪಾಟೀಸವಾಲು. ಇದಕ್ಕೆ ಮೊಟ್ಟೆ ಹಾಕಿದ್ದೀರಾ, ಜೆಲಾಟಿನ್ ಉಂಟಾ, ಇದೇ ಎಣ್ಣೆಯಲ್ಲಿ ಮೀನು ಕರಿದದ್ದಲ್ಲವಷ್ಟೇ, ಈ ಚಿಮಟಾ ಆಚೆ ತಟ್ಟೆಯನ್ನು ಮುಟ್ಟಿ ಬಂದದ್ದೇ ಎಂದು ಕೇಳಿ ಕೇಳಿ, ಅಂಗಡಿಯವನಿಗೆ ತಾನು ಹುಟ್ಟಿದ್ದೇ ಅಪರಾಧವೆನಿಸಿದ ಮೇಲೆ ಒಂದು ಬಿಸ್ಕತ್ತು ಕೊಳ್ಳುವವರು ನಾವು. ಈ ವಿದ್ಯೆಯಲ್ಲಿ ವಸಂತಿ ಆಂಟಿಯನ್ನು ಮೀರಿಸುವವರು ಮಲೇಷ್ಯಾದ ಈ ಪೆಟಾಲಿಂಗ್ ಜಯಾದಲ್ಲಿಲ್ಲ. ಅವರ ಯಜಮಾನರು ಡಾಕ್ಟರ್ ಉಪಾಧ್ಯರು, ಉಡುಪಿ ಕಡೆಯವರು, ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುತ್ತಾರೆ. ನಾನು ಸೈಬರ್‌ಜಯಾದಲ್ಲಿ ಹಗಲು ಸರ್ವರುಗಳ ಮೈಬಿಸಿ ನೋಡುತ್ತೇನೆ. ಸಂಜೆ ಕನ್ನಡದವರ ಕೂಟಗಳಲ್ಲಿ ಮಿಮಿಕ್ರಿ ಮಾಡಿ, ಅವರವರ ದನಿಯನ್ನು ಕದ್ದು ಅವರಿಗೇ ಮಾರುತ್ತೇನೆ. ಚಪ್ಪಾಳೆ ಸಿಕ್ಕಿದ್ದೆಲ್ಲ ಎರವಲು ಕಂಠಕ್ಕೆ. ನನ್ನದೇ ದನಿಯಲ್ಲಿ ಒಮ್ಮೆ ಭಾವಗೀತೆ ಹಾಡಿದಾಗ ಜನ ಎದ್ದು ಊಟದ ಸಾಲಿಗೆ ಹೋದರು.

ನನ್ನ ಅಂಗಡಿಯಲ್ಲಿ ಹೆಚ್ಚು ಬಿಕರಿಯಾಗುವ ಸರಕು ಉಪಾಧ್ಯರ ದನಿ. ಅದಕ್ಕೆ ಥಾಯ್ಲೆಂಡಿನ ಸರ್ಕಾರಕ್ಕೂ ನಾನು ಋಣಿ. ಪಕ್ಕದ ಆ ದೇಶ ಗಾಂಜಾಕ್ಕಿದ್ದ ನಿಷೇಧದ ಕಟ್ಟನ್ನು ಬಿಚ್ಚಿದ್ದೇ ತಡ, ನಮ್ಮ ವಾಟ್ಸಾಪ್ ಗುಂಪು ಸರ್ವೋಚ್ಚ ನ್ಯಾಯಾಲಯವಾಯಿತು. ರಂಗೋಲಿ, ಚಟ್ನಿಪುಡಿ, ಮನೆಬಾಡಿಗೆಗಳ ನಡುವೆ ವಾದ, ಪ್ರತಿವಾದ, ಮೇಲ್ಮನವಿ. ಮಾಂಟ್ ಕಿಯಾರಾ ಬಡಾವಣೆಯ ಸಾಫ್ಟ್‌ವೇರ್ ಬಣದವರು ಅಮೆರಿಕದ ರಾಜ್ಯಗಳನ್ನು ಸಾಕ್ಷಿಗೆ ಕರೆದರು. ಅಲ್ಲಿ ರಾಜ್ಯ ಮಾರಿಕೊಳ್ಳಿ ಎನ್ನುತ್ತದೆ, ಕೇಂದ್ರ ಕೂಡದು ಎನ್ನುತ್ತದೆ, ಪಕ್ಕದ ಮನೆಯವನು ಹೊಗೆ ಬರುತ್ತದೆಂದು ಕೋರ್ಟಿಗೆ ಹೋಗುತ್ತಾನೆ, ಕೊನೆಗೆ ವಕೀಲರೊಬ್ಬರೇ ನಿಜವಾದ ಅಮಲಿನಲ್ಲಿರುತ್ತಾರೆ. ನಮ್ಮ ಭಾರತವೂ ಕಡಿಮೆಯದಲ್ಲ: ಒಂದೇ ಗಿಡದ ಹೂವಿಗೆ ಸೆರೆಮನೆ, ಎಲೆಯನ್ನು ಅರೆದು ಹಾಲಿಗೆ ಬೆರೆಸಿಕೊಂಡರೆ ಪುಣ್ಯ. ಶಿವರಾತ್ರಿಯ ಭಂಗಿಯನ್ನು ನೆನೆದು ಕಣ್ಣು ತೇವ ಮಾಡಿಕೊಂಡವರೇ ಮರುಗಳಿಗೆ ಸಂಸ್ಕೃತಿ ಹಾಳಾಯಿತೆಂದು ಬರೆದರು. ಇನ್ನು ನಾವು ಅನ್ನ ತಿನ್ನುತ್ತಿರುವ ಮಲೇಷ್ಯಾದಲ್ಲಿ ಮಾರಿದವನಿಗೆ ನೇಣಿನ ಹಗ್ಗ ಕಾನೂನಿನಲ್ಲಿ ಇನ್ನೂ ನೇತಾಡುತ್ತಲೇ ಇದೆ. ನ್ಯಾಯಾಧೀಶರು ಮನಸ್ಸು ಮಾಡಿದರೆ ಬೇರೆ ಶಿಕ್ಷೆ ಕೊಡಬಹುದು, ಅಷ್ಟೆ. ತಿಂದು ಬಂದವನಿಗೂ, ಮೂತ್ರದಲ್ಲಿ ಸಿಕ್ಕರೆ, ಜೈಲು. ಆಚೆ ದಡದಲ್ಲಿ ತಿಂದೆ ಎಂಬ ಭೂಗೋಳ ಈಚೆ ದಡದಲ್ಲಿ ನಡೆಯುವುದಿಲ್ಲ.

ಉಪಾಧ್ಯರಿಗೆ ಇದೇ ಬೇಕಿತ್ತು. ಅವರು ಗುಂಪಿನ ಅಡ್ಮಿನ್ ಬೇರೆ. ಗೊತ್ತಿಲ್ಲದೆ ತಿಂದವರನ್ನು ಏನು ಮಾಡುವುದು ಎಂದು ಯಾರೋ ಮೆಲ್ಲನೆ ಕೇಳಿದ್ದಕ್ಕೆ ಅವರು ಕಳುಹಿಸಿದ ಧ್ವನಿಸಂದೇಶ ನನ್ನ ವೃತ್ತಿಜೀವನದ ಮಹಾ ಬಂಡವಾಳ: “ಗೊತ್ತಿರ್ಲಿಲ್ಲ ಅನ್ನುದು ಕಳ್ಳನ ಮೊದಲ್ನೇ ಪಾಠ ಮಾರಾಯ್ರೇ. ಕಾನೂನಿಗೆ ಕಣ್ಣುಂಟು, ಕಿವಿ ಇಲ್ಲ.” ಮೂಗಿನಿಂದ ಹೊರಟು ಗಂಟಲಲ್ಲಿ ಒಮ್ಮೆ ತಂಗಿ ಬರುವ ಆ ದನಿಯನ್ನು ನಾನು ಯುಗಾದಿಗೂ ದೀಪಾವಳಿಗೂ ಪ್ರಯೋಗಿಸಿ ಹೋಳಿಗೆ ಗಿಟ್ಟಿಸಿಕೊಂಡಿದ್ದೇನೆ.

ಥಾಯ್ಲೆಂಡ್ ಸಡಿಲಿಸಿದ ಮೇಲೆ, ಮತ್ತೆ ಬಿಗಿ ಮಾಡುವ ಮುನ್ನ, ಅಂಗಡಿಗೊಂದು ಹಸಿರೆಲೆಯ ಚಿತ್ರ ತೂಗುತ್ತಿದ್ದ ಆ ನಡುಗಾಲದಲ್ಲಿ, ಉಪಾಧ್ಯ ದಂಪತಿ ಗಡಿಯಾಚೆಯ ಹಾಟ್ ಯಾಯ್ ಊರಿಗೆ ಕಾರಿನಲ್ಲಿ ಹೊರಟರು. ಹಿಂದಿನ ಸೀಟಿನಲ್ಲಿ ಪುಕ್ಕಟೆ ರೇಡಿಯೋ ಎಂಬಂತೆ ನನ್ನನ್ನೂ ಕೂರಿಸಿಕೊಂಡರು. ದಾರಿಯುದ್ದಕ್ಕೂ ಡಾಕ್ಟರರು ಎಲೆಯ ಚಿತ್ರ ಕಂಡಲ್ಲೆಲ್ಲ ಮೂಗು ಮುಚ್ಚಿಕೊಂಡರು. ಹಿಂದಿರುಗುವ ದಿನ ಆಂಟಿಗೆ ಬೇಕರಿ ನೆನಪಾಯಿತು. ನಮ್ಮಲ್ಲಿ ಯಾರು ಎಲ್ಲಿಗೆ ಹೋಗಿ ಬಂದರೂ ಶನಿವಾರದ ಭಜನೆಗೆ ಆ ಊರಿನ ತಿಂಡಿಯೊಂದು ತರಬೇಕು, ತಾರದವರನ್ನು ಮುಂದಿನ ಶನಿವಾರದ ತನಕ ಮಾತಿನಲ್ಲೇ ಹುರಿಯುವ ಪದ್ಧತಿ. ಆಂಟಿ ಪಾಟೀಸವಾಲು ಶುರು ಮಾಡಿದರು. ಮೊಟ್ಟೆ? ಇಲ್ಲ. ಜೆಲಾಟಿನ್? ಇಲ್ಲ. ಹಂದಿಯ ಕೊಬ್ಬು? ಇಲ್ಲವೇ ಇಲ್ಲ. ಅಂಗಡಿಯ ಹುಡುಗಿ ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಿದಳು. ಕೇಳದ್ದನ್ನು ಹೇಳಬೇಕೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ. ಡಬ್ಬಿಯ ಮೇಲಿನ ಎಲೆಯನ್ನು ಆಂಟಿ ಯಾವುದೋ ಔಷಧಿ ಸೊಪ್ಪೆಂದು ಗೌರವಿಸಿದರು. ಔಷಧಶಾಸ್ತ್ರಜ್ಞರು ಬೆಲೆಯನ್ನು ಮಾತ್ರ ಓದಿದರು. ನಾನಂತೂ ಆ ಹುಡುಗಿಯ ನಗುವನ್ನು ಕಲಿಯುವುದರಲ್ಲಿ ಮುಳುಗಿದ್ದೆ.

ಡಬ್ಬಿ ಒಡೆದವರು ಆಂಟಿಯೇ. ಭಜನೆಗೆ ಕೊಡುವ ಮುನ್ನ ರುಚಿ ನೋಡಬೇಡವೇ? ಗಡಿ ಹತ್ತಿರವಾಗುವ ಹೊತ್ತಿಗೆ ಅವರು ನಗತೊಡಗಿದರು. ಮೊದಲು ಲಾರಿಯನ್ನು ಕಂಡು, ಆಮೇಲೆ ಗಂಡನ ಕಿವಿಯನ್ನು ಕಂಡು. ಏನಾಯಿತೆಂದು ಡಾಕ್ಟರರು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಡಬ್ಬಿ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಇರುವೆಸಾಲಿನಂಥ ಅಕ್ಷರಗಳಲ್ಲಿ ಒಂದು ಪದವನ್ನು ಓದಿದರು. ತರಗತಿಯಲ್ಲಿ ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ಪದವೇ. ಕಸದ ಬುಟ್ಟಿಗೆ ಡಬ್ಬಿಯನ್ನು ಎಸೆದ ವೇಗದಲ್ಲಿ ಅವರ ವಯಸ್ಸು ಅರ್ಧಕ್ಕಿಳಿದಿತ್ತು. ಆದರೆ ಹೆಂಡತಿಯನ್ನು ಎಲ್ಲಿ ಎಸೆಯುವುದು?

ಗಡಿಠಾಣೆಯಲ್ಲಿ ಅನುಮಾನ ಬಂದವರನ್ನು ಪಕ್ಕಕ್ಕೆ ಕರೆದು ಮೂತ್ರ ಪರೀಕ್ಷೆಗೆ ಶೀಶೆ ಕೊಡುತ್ತಾರೆಂಬುದು ನಮಗೆಲ್ಲ ಗೊತ್ತಿತ್ತು. ಗುಂಪಿನಲ್ಲಿ ಅದನ್ನು ಸಡಗರದಿಂದ ಹಂಚಿದವರು ಉಪಾಧ್ಯರೇ. ಸಿಕ್ಕಿಬಿದ್ದರೆ ಆಂಟಿ ಜೈಲಿಗೆ. ಡಾಕ್ಟರರು ಸ್ಟಿಯರಿಂಗ್ ಹಿಡಿದು ಕುಳಿತೇ ಇದ್ದರು. ಆಮೇಲೆ, ನಾನು ಎಂದೂ ಕೇಳಿರದ, ಅನುಕರಿಸಲೂ ಬಾರದ ಸಣ್ಣ ದನಿಯಲ್ಲಿ ಕೇಳಿದರು:

“ಗೊತ್ತಿಲ್ದೆ ತಿಂದದ್ದಲ್ವಾ ಮಾರಾಯ? ಹೇಳಿದ್ರೆ ಬಿಡುದಿಲ್ವಾ?”

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆದರೆ ಪಕ್ಕದ ಸೀಟಿನಿಂದ ಆಂಟಿ, ಮೂಗಿನಿಂದ ಹೊರಡಿಸಿ, ಗಂಟಲಲ್ಲಿ ತಂಗಿಸಿ, ಥೇಟ್ ಅವರಂತೆಯೇ ಹೇಳಿಬಿಟ್ಟರು: “ಗೊತ್ತಿರ್ಲಿಲ್ಲ ಅನ್ನುದು ಕಳ್ಳನ ಮೊದಲ್ನೇ ಪಾಠ ಮಾರಾಯ್ರೇ.” ಒಂದೇ ಸೂರಿನಡಿ ಅಷ್ಟು ವರ್ಷ ಕೇಳಿಸಿಕೊಂಡವರ ಅಭ್ಯಾಸದ ಮುಂದೆ ನನ್ನದು ಬರೀ ತೆಂಗಿನಚಿಪ್ಪಿನ ತಾಳ.

ಠಾಣೆಯ ಅಧಿಕಾರಿ ಕಿಟಕಿಯೊಳಗೆ ಬಗ್ಗಿದಾಗ ಆಂಟಿ ಅವನಿಗೆ ಕೈಮುಗಿದು ನಕ್ಕರು. ಕಾನೂನಿನ ಪರಮಭಕ್ತರು, ಬೆವರೊರೆಸಿಕೊಂಡು, ಪ್ರಯಾಣದ ತಲೆಸುತ್ತು, ನಾನು ಡಾಕ್ಟರು ಎಂದು ಇಂಗ್ಲಿಷಿನಲ್ಲಿ ನಿವೇದಿಸಿದರು. “ಆಂಟಿಗೆ ನೀರು ಕೊಡಿ ಲಾ,” ಎಂಬ ಅರ್ಥದಲ್ಲೇನೋ, ಇಲ್ಲಿಯವರ ಮಾತಿನ ‘ಲಾ’ ಬಾಲ ಸೇರಿಸಿ ಹೇಳಿ, ಮುಂದೆ ಹೋಗಿ ಎಂದು ಅವನು ಕೈಬೀಸಿದ. ಬಿಳಿ ಕೂದಲು, ಹಣೆಯ ಕುಂಕುಮ, ಡಾಕ್ಟರ್ ಎಂಬ ಪದವಿ: ಕಾನೂನಿಗೆ ಕಣ್ಣುಂಟೆಂದು ಉಪಾಧ್ಯರು ಹೇಳಿದ್ದು ಸುಳ್ಳಲ್ಲ.

ಕೆಲವು ವಾರಗಳ ಮೇಲೆ ಗುಂಪಿಗೊಂದು ಸುದ್ದಿ ಬಂತು. ಅದೇ ಠಾಣೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಸಿಕ್ಕಿಬಿದ್ದಿದ್ದಳು, ತಿಂದದ್ದು ಬಿಸ್ಕತ್ತು, ಗೊತ್ತಿರಲಿಲ್ಲ ಎನ್ನುತ್ತಿದ್ದಾಳಂತೆ. ಇಂದಿನ ಮಕ್ಕಳು, ತಾಯ್ತಂದೆಯರ ಸಲಿಗೆ, ಒಳ್ಳೆ ಪಾಠವಾಯಿತು ಎಂದು ಸಾಲುಸಾಲಾಗಿ ತೀರ್ಪುಗಳು ಬಿದ್ದವು. ಉಪಾಧ್ಯರು ಬರೆಯುತ್ತಿದ್ದಾರೆ ಎಂದು ಪರದೆ ಬಹಳ ಹೊತ್ತು ತೋರಿಸಿ, ಸುಮ್ಮನಾಯಿತು. ನಾನೂ ಒಂದು ನಗುಮುಖ ಒತ್ತಿ, ಒರೆಸಿದೆ.

ಆಗ, ಹಬ್ಬದ ರಂಗೋಲಿಗಳನ್ನು ಬಿಟ್ಟು ಬೇರೇನನ್ನೂ ಹಾಕದ ವಸಂತಿ ಆಂಟಿ ಬರೆದರು: “ನಾನೂ ಅಂಥಾದ್ದೇ ತಿಂದು ಅದೇ ಗೇಟಿನಲ್ಲಿ ಬಂದವಳು. ಆ ಹುಡುಗಿಯ ಅಮ್ಮನ ಜೊತೆ ಈಗ ಯಾರಿದ್ದಾರೆ?”

ಅಡ್ಮಿನ್ ಆದವರಿಗೆ ಅದನ್ನು ಅಳಿಸಲು ಒಂದು ಬೆರಳು ಸಾಕಿತ್ತು. ಹೆಂಡತಿಯ ಸುರಕ್ಷತೆಗಾದರೂ ಅಳಿಸುತ್ತಾರೆಂದು ನಾನು ಕಾದೆ. ಬೆಳಗ್ಗೆ ಎದ್ದು ನೋಡಿದರೆ ಸಂದೇಶ ಹಾಗೆಯೇ ಇತ್ತು. ಅದರ ಕೆಳಗೆ ಉಪಾಧ್ಯರು ಒಬ್ಬ ವಕೀಲರ ಫೋನ್ ನಂಬರು ಹಾಕಿದ್ದರು.